ಕೇಳುವ ಮೊದಲು ಹುಡುಕು

ಸಿ ಶಾದ್ಲಿಯ ಓಲೆ ಬಂದಾಗ ವಜ್ದಿ ಗಿರಾಕಿಯೊಬ್ಬಳ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿದ್ದ. ಸ್ಫಾಕ್ಸ್ ಪೇಟೆಯ ಬಾಬ್ ಜಬ್ಲಿ ಕೋಟೆಬಾಗಿಲ ಹತ್ತಿರ ಆ ಕನ್ನಡಕದಂಗಡಿ. ಅಲ್ಲಿ ಅವನಿಗೆ ಎಂಟು ವರ್ಷದ ನೌಕರಿ. ಒಂದು ಕಣ್ಣು ಗಿರಾಕಿಯ ಮೇಲೆ, ಇನ್ನೊಂದು ಫೋನಿನ ಮೇಲೆ ಇಟ್ಟುಕೊಂಡೇ ಕೆಲಸ ಮಾಡುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಆದರೆ ಆ ಓಲೆ ಓದುತ್ತಿದ್ದಂತೆ ಕೈ ತಪ್ಪಿ ಕನ್ನಡಕದ ಕಡ್ಡಿ ಆಕೆಯ ಕಿವಿಗೆ ಚುಚ್ಚಿತು.

"ಅಯ್ಯಯ್ಯೋ! ಕಣ್ಣು ಸರಿಮಾಡಪ್ಪಾ ಅಂದ್ರೆ ಕಿವಿ ಕಿತ್ತು ಕಳಿಸ್ತೀಯಲ್ಲೋ!" ಎಂದಳು ಆಕೆ.

ಓಲೆಯಲ್ಲಿ ಬೈಗುಳವೇನೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಮಗನೇ ವಜ್ದಿ, ಎಲ್ಲರೂ ಕ್ಷೇಮವೆ? ಇಪ್ಪತ್ತಮೂರು ದಿನಗಳಿಂದ ನಮ್ಮ ಫೋರಂನಲ್ಲಿ ನನ್ನನ್ನು ಬಿಟ್ಟು ಯಾರೂ ಒಂದು ಸಾಲು ಬರೆದಿಲ್ಲ. ಈ ಭಾನುವಾರಕ್ಕೆ ಅದಕ್ಕೆ ಹದಿನಾಲ್ಕು ವರ್ಷ ತುಂಬುತ್ತದೆ. ನೀವೆಲ್ಲ ಹೊಸ ಜಾಗದಲ್ಲಿ ಕೂಡುತ್ತೀರೆಂದು ಕೇಳಿದೆ. ಅದರ ಬಾಗಿಲು ನನಗೂ ತೋರಿಸು. ಫೋರಂ ಮುಚ್ಚಬೇಕೋ ಬೇಡವೋ ಎಂದು ಅಲ್ಲೇ ಎಲ್ಲರನ್ನೂ ಕೇಳುತ್ತೇನೆ.’

ವಜ್ದಿ ಹೆದರಿದ. ಮುಚ್ಚುವ ಮಾತಿಗಲ್ಲ. ಮುದುಕರು ಆ ಬಾಗಿಲು ದಾಟಿ ಬಂದರೆ ಅಲ್ಲಿ ಏನೇನು ಕಾಣಬಹುದು ಎಂಬುದಕ್ಕೆ.

ಸಿ ಶಾದ್ಲಿ ಮಹ್ದಿಯಾ ಬಂದರಿನಲ್ಲಿ ದೋಣಿಗಳ ಎಂಜಿನು ಬಿಚ್ಚಿ ಜೋಡಿಸುತ್ತ ತಲೆ ನರೆಸಿಕೊಂಡವರು; ‘ಸಿ’ ಎಂಬುದು ಹಿರಿಯರ ಹೆಸರಿನ ಮುಂದೆ ಗೌರವಕ್ಕೆ ಹಚ್ಚುವ ಮಾತು. ಹೆಂಡತಿ ತೀರಿಕೊಂಡ ವರ್ಷ, ಹೊತ್ತು ಹೋಗದೆ, ಕಂಪ್ಯೂಟರಿನಲ್ಲಿ ಹಾಯಿಹಡಗಿನ ಆಟವೊಂದಕ್ಕೆ ಅಂಟಿಕೊಂಡರು. ಸರಕು ತುಂಬು, ಗಾಳಿ ನೋಡು, ಕಡಲ್ಗಳ್ಳರಿಂದ ತಪ್ಪಿಸಿಕೋ, ದಡ ಸೇರು, ಅಷ್ಟೇ ಆಟ. ಆಡುವವರು ಕೂಡಿ ಬರೆದುಕೊಳ್ಳಲೆಂದು ಅಂತರ್ಜಾಲದಲ್ಲಿ ಫೋರಂ ಕಟ್ಟಿದರು. ಅದರ ಮೊದಲ ನಿಯಮ: ಕೇಳುವ ಮೊದಲು ಹುಡುಕು. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಯಾಕೆ ಕೇಳಬೇಕು, ಉತ್ತರ ಅಲ್ಲೇ ಇರುತ್ತದಲ್ಲ! ವಜ್ದಿ ಹದಿನಾರರ ಹುಡುಗನಾಗಿ ಬಂದವನು ಹುಡುಕದೆ ಗಿಡುಕದೆ ಕಡಲ್ಗಳ್ಳರ ವಿಚಾರ ಕೇಳಿದ್ದ. ಬೇರೆ ಕಡೆಯಾಗಿದ್ದರೆ ಮೈಮೇಲೆ ಬೀಳುತ್ತಿದ್ದರು. ಇಲ್ಲಿ ಸಿಕ್ಕ ಸ್ವಾಗತ, ಬಂದ ಪ್ರತಿಯೊಬ್ಬ ಹೊಸಬನಿಗೂ ಸಿಗುತ್ತಿದ್ದದ್ದೇ: ‘ಮರ್ಹಬಾ ಮಗನೇ. ಕೇಳುವ ಮೊದಲು ಹುಡುಕು. ಸಿಗದಿದ್ದರೆ ನಾನಿದ್ದೇನೆ.’ ಅದರ ಕೆಳಗೆ ಕಡಲ್ಗಳ್ಳರ ಮೇಲೆ ಎರಡು ಪುಟ, ಕೈಯಲ್ಲಿ ಬರೆದ ನಕ್ಷೆಯ ಸಮೇತ. ಅಪ್ಪನಿಲ್ಲದ ಹುಡುಗ ‘ನಾನಿದ್ದೇನೆ’ ಎಂಬುದನ್ನು ಎಷ್ಟು ಸಲ ಓದಿದನೋ ಅವನಿಗೇ ಗೊತ್ತು.

ಅಂಥವನೇ ಹೋದ ಚಳಿಗಾಲದಲ್ಲಿ ಚಾಟ್ ಸರ್ವರ್ ತೆರೆದ. "ಬರೀ ಪಂದ್ಯದ ಟೈಮ್ ಗೊತ್ತುಮಾಡೋಕೆ. ಮುಖ್ಯವಾದದ್ದೇನಿದ್ರೂ ನಾನೇ ಫೋರಂಗೆ ತಂದು ಹಾಕ್ತೀನಿ" ಎಂದು ಎಲ್ಲರಿಗೂ ಮಾತು ಕೊಟ್ಟ. ಹದಿನೈದು ದಿನ ತಂದು ಹಾಕಿದ ಪುಣ್ಯಾತ್ಮ! ಆಮೇಲೆ ಯಾರು ಹಾಕುತ್ತಾರೆ? ಫೋರಂನಲ್ಲಿ ಉತ್ತರಕ್ಕೆ ಒಂದು ದಿನ ಕಾಯಬೇಕು. ಚಾಟ್‌ನಲ್ಲಿ ಚಹಾ ಆರುವುದರೊಳಗೆ ಮೂರು ಉತ್ತರ. ಅದರಲ್ಲಿ ಎರಡು ತಪ್ಪು, ಇರಲಿ ಬಿಡಿ. ಸಂಜೆಯ ಹೊತ್ತಿಗೆ ಸರಿಯಾದದ್ದೂ ಇನ್ನೂರು ಸಾಲುಗಳ ಕೆಳಗೆ ಹೂತುಹೋಗುತ್ತಿತ್ತು. ಮರುದಿನ ಇನ್ನೊಬ್ಬ ಬಂದು ಅದನ್ನೇ ಕೇಳುತ್ತಿದ್ದ. ಯಾರಿಗೂ ಬೇಸರವಿಲ್ಲ, ಹರಟೆಗೆ ನೆಪ ಸಿಕ್ಕಿತಲ್ಲ. ಫೋರಂನಲ್ಲಿ ಮಾತ್ರ ಸಿ ಶಾದ್ಲಿ ಒಬ್ಬರೇ ಗಾಳಿಯ ಮೇಲೆ, ಹಾಯಿಗಳ ಮೇಲೆ ಉದ್ದುದ್ದ ಬರೆಯುತ್ತ ಉಳಿದರು.

ಇಷ್ಟೇ ಆಗಿದ್ದರೆ ಕಾಲ ಬದಲಾಯಿತು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ವಸಂತದಲ್ಲಿ ಒಂದು ದಿನ ಸಿ ಶಾದ್ಲಿ ವಜ್ದಿಯನ್ನು ಮಹ್ದಿಯಾಕ್ಕೆ ಊಟಕ್ಕೆ ಕರೆದರು. ಗೋಧಿರವೆಯ, ಮೀನಿನ ಕುಸ್‌ಕುಸಿ ಮಾಡಿ ಬಡಿಸಿದರು, ಸಾಕು ಸಾಕು ಎಂದರೂ ದೊಡ್ಡ ತುಂಡು ಅವನ ತಟ್ಟೆಗೇ ಹಾಕಿದರು. ಉಂಡ ಮೇಲೆ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋದರು. ವಜ್ದಿ ಫೋನೆತ್ತಿ ಒಂದು ಫೋಟೋ ಹೊಡೆದ. ಬಸ್ಸಿನಲ್ಲಿ ವಾಪಸು ಬರುತ್ತ ಮುಖವನ್ನಷ್ಟೇ ಕತ್ತರಿಸಿ, ತಲೆಗೊಂದು ಕಪ್ತಾನನ ಟೋಪಿ ಇಟ್ಟು, ಚಾಟ್‌ನಲ್ಲಿ ಅಂಟಿಸುವ ಪುಟ್ಟ ಚಿತ್ರ ಮಾಡಿದ. ಚಿತ್ರಕ್ಕೊಂದು ಹೆಸರು ಕೊಡಬೇಕಲ್ಲ: ‘ಶಾದ್ಲಿಯ-ಗೊರಕೆ’. ಹದಿಮೂರು ವರ್ಷದಲ್ಲಿ ಒಮ್ಮೆಯೂ ಅವನ ಬಾಯಿಂದ ಬಿಟ್ಟುಹೋಗದ ‘ಸಿ’ ಅಲ್ಲಿ ಬಿಟ್ಟುಹೋಯಿತು. ಎಲ್ಲರೂ ಬಿದ್ದೂ ಬಿದ್ದೂ ನಕ್ಕರು. ಅಂದಿನಿಂದ ಯಾರಾದರೂ ನಾಲ್ಕು ಸಾಲಿಗಿಂತ ಹೆಚ್ಚು ಬರೆದರೆ ಅದರ ಕೆಳಗೆ ಆ ಮುಖ. ಮುದುಕರು ಯಾರೆಂದೇ ತಿಳಿಯದ ಹೊಸಬರೂ ಅಂಟಿಸುತ್ತಿದ್ದರು.

ಓಲೆ ಬಂದ ಶುಕ್ರವಾರ ಮಧ್ಯಾಹ್ನವೇ ವಜ್ದಿ, ಸಿ ಶಾದ್ಲಿ ಬರುತ್ತಾರೆಂದು ಚಾಟ್‌ನಲ್ಲಿ ಸುದ್ದಿ ಹಾಕಿದ.

"ಮೊದ್ಲು ಆ ಚಿತ್ರ ಕಿತ್ತು ಬಿಸಾಕು, ನಾಚಿಕೆಗೆಟ್ಟವನೇ" ಎಂದು ಬರೆದಳು ಬಿಜರ್ತದ ಉಮೈಮಾ. ಆಟದಲ್ಲೂ ಮಾತಿನಲ್ಲೂ ಅವಳನ್ನು ಸೋಲಿಸಿದವರಿಲ್ಲ. "ನಾನೂ ಅಂಟಿಸಿದೀನಿ, ನನಗೂ ಉಗೀರಿ."

"ಅಜ್ಜ ಅಷ್ಟು ಮೇಲಕ್ಕೆ ಹೋಗಿ ಓದ್ತಾರಾ? ಇಲ್ಲಿ ನಿನ್ನೆ ಬರ್ದಿದ್ದೇ ಯಾರಿಗೂ ಕಾಣಲ್ಲ, ಬಿಡ್ರೋ" ಎಂದ ಘಸ್ಸಾನ್. ಎಲ್ಲದಕ್ಕೂ ಹಲ್ಲು ಕಿಸಿಯುವುದೇ ಅವನ ಉದ್ಯೋಗ.

ವಜ್ದಿ ಚಿತ್ರ ತೆಗೆದುಹಾಕಿದ. ಶನಿವಾರ ಬೆಳಿಗ್ಗೆ, ಅಂಗಡಿಯ ಬಾಗಿಲು ತೆಗೆದು, ಸಿ ಶಾದ್ಲಿಗೆ ಚಾಟ್‌ನ ಕೊಂಡಿ ಕಳಿಸಿದ. ಹತ್ತು ನಿಮಿಷದಲ್ಲಿ ಅವರ ಹೆಸರಿನ ಪಕ್ಕ ಹಸಿರು ಚುಕ್ಕಿ ಹೊತ್ತಿತು.

"ಕಪ್ತಾನ್ರು ಬಂದ್ರು!" "ಬನ್ನಿ ಬನ್ನಿ, ಸಿ ಶಾದ್ಲಿ!" ಎಂದು ನಲವತ್ತು ಮಂದಿ ಮುಗಿಬಿದ್ದರು. ಅವರಿಂದ ಒಂದಕ್ಷರವಿಲ್ಲ. ಅರ್ಧ ಗಂಟೆಯಾದರೂ ಇಲ್ಲ. ಪಾಪ, ಎಲ್ಲಿ ಒತ್ತಬೇಕೆಂದು ತಿಳಿಯುತ್ತಿಲ್ಲವೇನೋ ಎಂದುಕೊಂಡ ವಜ್ದಿ. ಅವರ ಕಣ್ಣಿಗೆ ಇದೆಲ್ಲ ಹೇಗೆ ಕಾಣುತ್ತಿರಬಹುದೆಂದು ತಾನೂ ಹಳೆಯ ಮಾತುಗಳತ್ತ ಮೇಲಕ್ಕೆ ಸರಿದ.

ಚಿತ್ರಗಳೇನೋ ಹೋಗಿದ್ದವು. ಆದರೆ ಅವು ಇದ್ದಲ್ಲೆಲ್ಲ ಈಗ ಅವುಗಳ ಹೆಸರು ನಿಂತಿತ್ತು, ಅಕ್ಷರದಲ್ಲಿ. ಶಾದ್ಲಿಯ-ಗೊರಕೆ. ಶಾದ್ಲಿಯ-ಗೊರಕೆ. ಶಾದ್ಲಿಯ-ಗೊರಕೆ.

ಚಿತ್ರವಾಗಿದ್ದಾಗ ಹುಡುಕುವ ಪೆಟ್ಟಿಗೆಗೆ ಸಿಗದಿದ್ದದ್ದು ಅಕ್ಷರವಾದ ಮೇಲೆ ಸಿಗುತ್ತದೆ. ಆ ಪೆಟ್ಟಿಗೆಯೊಂದು ಮೇಲ್ಗಡೆ ಮೂಲೆಯಲ್ಲಿದೆ ಎಂಬುದನ್ನೇ ಚಾಟ್‌ನವರೆಲ್ಲ ಮರೆತಿದ್ದರು. ಇಲ್ಲಿ ಹುಡುಕುವವರು ಯಾರು? ಆದರೆ ಈಗ ಬಂದಿರುವವರು ಹುಡುಕದೆ ಏನನ್ನೂ ಕೇಳುವವರಲ್ಲ. ತನ್ನ ಫೋರಂ ಬಗ್ಗೆ ಜನ ಏನೆನ್ನುತ್ತಾರೆಂದು ತಿಳಿಯಬೇಕಾದ ಮನುಷ್ಯ ಮೊದಲು ಯಾವ ಪದ ಹಾಕಿ ಹುಡುಕುತ್ತಾನೆ? ವಜ್ದಿ ‘ಶಾದ್ಲಿ’ ಎಂದು ಹಾಕಿ ನೋಡಿದ. ನಾನೂರ ಹನ್ನೆರಡು ಸಾಲು ಸಿಕ್ಕವು. ಎಲ್ಲಕ್ಕಿಂತ ಹಳೆಯದು ಅವನದೇ: "ನೋಡ್ರೋ, ನಂಗೆ ಕುಸ್‌ಕುಸಿ ತಿನ್ಸಿ ತಾನೇ ಬಿದ್ಕೊಂಡ ಮುದುಕ. ಇನ್ಮೇಲೆ ಯಾವನಾದ್ರೂ ಪುರಾಣ ಬರೆದ್ರೆ ಇದನ್ನ ಅಂಟ್ಸಿ. ಶಾದ್ಲಿಯ-ಗೊರಕೆ."

ಅಳಿಸಿಬಿಡೋಣವೆಂದು ಬೆರಳಿಟ್ಟ. ಅಷ್ಟರಲ್ಲಿ ಕೆಳಗೆ ಮೂರು ಚುಕ್ಕಿಗಳು ಕುಣಿಯತೊಡಗಿದವು: ‘ಶಾದ್ಲಿ ಬರೆಯುತ್ತಿದ್ದಾರೆ.’ ಈಗ ಅಳಿಸಿದರೆ ಅಳಿಸಿದ್ದೂ ಅವರಿಗೆ ಕಾಣುತ್ತದೆ. ಬೆರಳು ಹಿಂದಕ್ಕೆ ಬಂತು. ಭೂಮಿ ಬಾಯಿಬಿಟ್ಟು ನುಂಗಬಾರದೆ ಎನಿಸಿತು ಅವನಿಗೆ.

ಅವರು ಬರೆಯುವುದು ಒಂದೇ ಬೆರಳಲ್ಲಿ. ಚುಕ್ಕಿಗಳು ನಲವತ್ತು ನಿಮಿಷ ಕುಣಿದವು. ಗಿರಾಕಿಯೊಬ್ಬ ಗೋಡೆಯ ಅಕ್ಷರಗಳನ್ನು ಎರಡು ಸಲ ಓದಿ ಮುಗಿಸಿ, "ಸರೀನಾ, ಇಲ್ವಾ? ಏನಾದ್ರೂ ಹೇಳಪ್ಪಾ!" ಎಂದು ಗೊಣಗಿದ.

"ಕಾದಂಬರಿ ಬರೀತಿದಾರಾ ಹೆಂಗೆ?" ಎಂದು ಘಸ್ಸಾನ್ ಒಂದು ಸಾಲು ಬಿಟ್ಟ.

"ನೀನು ಬಾಯಿ ಮುಚ್ಕೊಂಡಿರು" ಎಂದಳು ಉಮೈಮಾ.

ಕೊನೆಗೆ ಬಂತು, ಫೋರಂನ ರೀತಿಯಲ್ಲೇ, ಉದ್ದವಾಗಿ:

‘ಎಲ್ಲರಿಗೂ ಸಲಾಂ. ನನ್ನ ಹೆಸರು ಶಾದ್ಲಿ, ಊರು ಮಹ್ದಿಯಾ. ಇಲ್ಲಿಗೆ ಹೊಸಬ. ಕೇಳುವುದೊಂದಿತ್ತು, ನಿಯಮದ ಪ್ರಕಾರ ಮೊದಲು ಹುಡುಕಿದೆ. ಉತ್ತರ ಸಿಕ್ಕಿತು. ಆದ್ದರಿಂದ ಕೇಳುವುದಿಲ್ಲ.

ಹುಡುಕುವಾಗ ನೀವು ಕೇಳಿದ ಕೆಲವು ಪ್ರಶ್ನೆಗಳಿಗೆ ಸರಿಯಾದ ಉತ್ತರ ಬಾರದಿದ್ದದ್ದು ಕಣ್ಣಿಗೆ ಬಿತ್ತು. ಘಸ್ಸಾನ್, ಪಡುವಣ ಗಾಳಿಗೆ ಹಾಯಿಯನ್ನು ಅರ್ಧ ಇಳಿಸಬೇಕು, ಪೂರ್ತಿಯಲ್ಲ. ಉಮೈಮಾ, ಎಣ್ಣೆಯ ಪೀಪಾಯಿಗಳು ತಳದಲ್ಲಿರಲಿ, ತಿರುವಿನಲ್ಲಿ ಹಡಗು ವಾಲುವುದಿಲ್ಲ.’

ಹೀಗೇ ಒಂಬತ್ತು ಜನಕ್ಕೆ, ಒಂಬತ್ತು ಉತ್ತರ. ಎಲ್ಲಕ್ಕಿಂತ ಕೆಳಗೆ:

‘ವಜ್ದಿಗೆ. ಅಂದು ನಾನು ಮಲಗಿದ್ದು ನಿಜ. ಒಳ್ಳೆಯ ಮೀನು ಸಿಗಲೆಂದು ನಸುಕಿನಲ್ಲೇ ಬಂದರಿಗೆ ಹೋಗಿದ್ದೆ, ಆಯಾಸವಾಗಿತ್ತು. ಅತಿಥಿಯ ಮುಂದೆ ಮಲಗಬಾರದಿತ್ತು. ನನ್ನದು ತಪ್ಪಾಯಿತು.’

ಹಸಿರು ಚುಕ್ಕಿ ಆರಿತು. ಸದಸ್ಯರ ಪಟ್ಟಿಯಲ್ಲಿ ಹೆಸರೂ ಇರಲಿಲ್ಲ.

ತಪ್ಪು ಯಾರದು, ಕ್ಷಮೆ ಕೇಳಿದವರು ಯಾರು! ವಜ್ದಿ ಗಾಜಿನ ಕಪಾಟಿನ ಹಿಂದೆ ಕುಳಿತುಬಿಟ್ಟ. ಆ ದಿನ ಮನೆಯಲ್ಲಿ ಊಟದ ತಟ್ಟೆ ಸರಿಸಿ ಎದ್ದ. ತಾಯಿ "ಯಾರಿಗೆ ಏನಾಯ್ತೋ?" ಎಂದು ಕೇಳಿದಳು. ಏನೆಂದು ಹೇಳುವುದು, ಅನ್ನ ಹಾಕಿದವರ ಮುಖವನ್ನು ಬೀದಿಗೆ ಅಂಟಿಸಿದೆ ಎಂದೆ?

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಫೋರಂ ತೆರೆದ. ಕೊನೆಗೆ ಬಂದದ್ದು ಯಾವಾಗ ಎಂದು ಅವನ ಹೆಸರಿನ ಪಕ್ಕ ದಿನಾಂಕ ತೋರಿಸುತ್ತಿತ್ತು; ಅದನ್ನು ನೋಡಲೂ ನಾಚಿಕೆಯಾಯಿತು. ಹೆಸರಿನ ಕೆಳಗೆ ಸಿ ಶಾದ್ಲಿ ಹತ್ತು ವರ್ಷದ ಹಿಂದೆ ಕೊಟ್ಟ ಪದವಿ ಹಾಗೇ ಇತ್ತು: ‘ಉಪಕಪ್ತಾನ’. ಹೊಸ ಪುಟ ತೆಗೆದು ಬರೆದ. ಬಸ್ಸು, ಫೋಟೋ, ಟೋಪಿ, ಹೆಸರು, ನಾನೂರ ಹನ್ನೆರಡು, ಫೋರಂಗೆ ತಂದು ಹಾಕುತ್ತೇನೆಂದು ಮಾತು ಕೊಟ್ಟು ತರದೆ ಹೋದದ್ದು, ಒಂದನ್ನೂ ಬಿಡಲಿಲ್ಲ. ಯಾರು ಹುಡುಕಿದರೂ ಸಿಗುವಂತೆ, ತನ್ನ ಪೂರ್ತಿ ಹೆಸರು ಹಾಕಿ ಒತ್ತಿದ.

ಫೋರಂನಲ್ಲಿ ಚುಕ್ಕಿಗಳು ಕುಣಿಯುವುದಿಲ್ಲ. ಓದಿದರೋ, ಬರೆಯುತ್ತಿದ್ದಾರೋ, ಕಣ್ಣೊರೆಸಿಕೊಂಡು ಎದ್ದು ಹೋದರೋ ತಿಳಿಯುವುದಿಲ್ಲ. ಮಧ್ಯಾಹ್ನದವರೆಗೂ ಕಾದ. ಚಹಾ ಆರಿ ಕೆನೆಗಟ್ಟಿತು.

ಮೂರು ಗಂಟೆಗೆ ಒಂದು ಸೂಚನೆ ಬಂತು: ‘ನಿಮ್ಮ ಬರಹವನ್ನು ಹೊಸಬರ ವಿಭಾಗಕ್ಕೆ ಸರಿಸಲಾಗಿದೆ.’ ವಜ್ದಿ ಅಲ್ಲಿಗೆ ಹೋಗಿ ನೋಡಿದ. ಅವನ ಹೆಸರಿನ ಕೆಳಗೆ ‘ಉಪಕಪ್ತಾನ’ ಇರಲಿಲ್ಲ. ‘ಹೊಸಬ’ ಎಂದಿತ್ತು. ಸರಿಯೇ ಎಂದುಕೊಂಡ, ಅದಕ್ಕೂ ತಾನು ಲಾಯಕ್ಕಿಲ್ಲ ಎಂದುಕೊಂಡ. ಬರಹದ ಕೆಳಗೆ ಒಂದು ಉತ್ತರವಿತ್ತು.

‘ಮರ್ಹಬಾ ಮಗನೇ. ಕೇಳುವ ಮೊದಲು ಹುಡುಕು. ಸಿಗದಿದ್ದರೆ ನಾನಿದ್ದೇನೆ.’

ತಾಯಿ ಒಳಗೆ ಬಂದಾಗ ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಳಿತಿದ್ದ.