ಬಾಗಿಲ ಬೆಳಕಿಗೆ ತಂದು ನೋಡಿ

ನಮ್ಮ ಬೀದಿಯ ಬಟ್ಟೆ ಅಂಗಡಿಯ ಬಾಗಿಲಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಕೂತವನು ನಾನು. ಒಳಗೆ ಬಟ್ಟೆ ಅಳೆದು ಕೊಡುವವನು ನನ್ನ ಗೆಳೆಯ. ಎಲ್ಲರೂ ಅವನನ್ನು ಕರೆಯುವುದು ಮೀಟರಣ್ಣ ಅಂತ. ಅವನಿಗೆ ಅಳತೆ ಕಡ್ಡಿ ಬೇಡ. ಮೂಗಿನಿಂದ ಬೆರಳ ತುದಿಯವರೆಗೆ ಬಟ್ಟೆ ಎಳೆದು ಹಿಡಿದರೆ ಸರಿಯಾಗಿ ಒಂದು ಮೀಟರ್. ಇಪ್ಪತ್ತೆರಡು ವರ್ಷ ಬಟ್ಟೆ ಮಾರಿದವನು, ಯಾವ ಗಿರಾಕಿ ಏನು ಕೊಳ್ಳುತ್ತಾನೆ ಅಂತ ಚಪ್ಪಲಿ ಬಿಡುವಾಗಲೇ ಹೇಳಬಲ್ಲ. ಅಂಥವನಿಗೇ ಒಬ್ಬ ಟೋಪಿ ಹಾಕಿದ. ಆ ಟೋಪಿಯನ್ನು ಅವನ ತನಕ ತಲುಪಿಸಿದವನು ನಾನು. ಅದಕ್ಕೇ ಈ ಕಥೆಯನ್ನು ನಾನೇ ಹೇಳಬೇಕು.

ಮೀಟರಣ್ಣನಿಗೆ ಒಬ್ಬಳೇ ಮಗಳು, ಹತ್ತು ವರ್ಷದವಳು. ಹೋದ ವರ್ಷ ಅವಳಿಗೆ ಎರಡು ಸಲ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಮಾತ್ರೆ ಬರೆದುಕೊಟ್ಟರು. ಒಂದು ಹೊತ್ತೂ ತಪ್ಪಿಸಬೇಡಿ ಅಂದರು. ಎಂಟು ತಿಂಗಳು ಏನೂ ತೊಂದರೆಯಾಗಲಿಲ್ಲ. ಆದರೆ ಹುಡುಗಿ ತರಗತಿಯಲ್ಲಿ ತೂಕಡಿಸುತ್ತಾಳೆ ಅಂತ ಟೀಚರು ಹೇಳಿ ಕಳಿಸಿದರು. ಅಂದಿನಿಂದ ಮೀಟರಣ್ಣನಿಗೆ ಅದೇ ಚಿಂತೆಯಾಯಿತು.

ಆಗಲೇ ನನ್ನ ಮೊಬೈಲಿಗೆ ಒಂದು ವಿಡಿಯೊ ಬಂತು. ಬಿಳಿ ಕೋಟು ಹಾಕಿದವನೊಬ್ಬ ಗಂಭೀರವಾಗಿ ಮಾತಾಡುತ್ತಿದ್ದ. "ಫಿಟ್ಸ್ ಮಾತ್ರೆ ಮಕ್ಕಳ ಬುದ್ಧೀನ ಮಂಕು ಮಾಡುತ್ತೆ. ಇದನ್ನ ಯಾವ ಡಾಕ್ಟರೂ ನಿಮಗೆ ಹೇಳಲ್ಲ" ಅಂದ. ನಾನು ಅರ್ಧ ಕೂಡ ನೋಡಲಿಲ್ಲ. ಪಾಪ, ಮಗುವಿಗೆ ಒಳ್ಳೆಯದಾಗಲಿ ಅಂತ ಮೀಟರಣ್ಣನಿಗೆ ಕಳಿಸಿದೆ. ಅವನೊಬ್ಬನಿಗೇ ಅಲ್ಲ, ಗೊತ್ತಿದ್ದ ಇನ್ನೂ ಹತ್ತು ಮಂದಿಗೆ ಕಳಿಸಿದೆ.

ಅವನು ಪೂರ್ತಿ ನೋಡಿದ. ಕೊನೆಯಲ್ಲಿ ಒಂದು ಸಣ್ಣ ಬಾಟಲಿ ಇತ್ತಂತೆ. ದಿನಕ್ಕೆ ಹತ್ತು ಹನಿ ಸಾಕು, ಮಾತ್ರೆ ಬಿಡಿ ಅಂತಿತ್ತಂತೆ. ಬಾಟಲಿ ತರಿಸಿಯೇಬಿಟ್ಟ.

"ರೀ, ಅಂಗಡಿ ಎದುರಿನ ಕ್ಲಿನಿಕ್ ನರ್ಸಮ್ಮನ್ನ ಒಂದು ಮಾತು ಕೇಳೋಣ" ಅಂದಳು ಹೆಂಡತಿ.

"ಕಳಿಸಿರೋನು ನಮ್ಮ ಟೈಲರು ಕಣೇ. ಅವನಿಗೇನು ಲಾಭ, ಸುಳ್ಳು ಕಳಿಸೋಕೆ?"

ಅಂದೇ ಮಾತ್ರೆ ನಿಂತಿತು.

ನಾಲ್ಕನೆಯ ದಿನ ಮಧ್ಯಾಹ್ನ ಹುಡುಗಿ ಶಾಲೆ ಬಿಟ್ಟು ನೇರ ಅಂಗಡಿಗೆ ಬಂದಳು. "ಮಾಮ, ನನ್ನ ಬ್ಯಾಗಿನ ಜಿಪ್ ಕಿತ್ತುಹೋಗಿದೆ, ನೋಡು" ಅಂತ ನನ್ನ ತೊಡೆ ಮೇಲೆ ಬ್ಯಾಗು ಎಸೆದಳು. ನಾನು ಜಿಪ್ ನೋಡುತ್ತಿದ್ದೆ. ಧೊಪ್ಪೆಂದು ಸದ್ದಾಯಿತು. ಹುಡುಗಿ ಬಿದ್ದಿದ್ದಳು, ಹಣೆ ನನ್ನ ಮಷಿನ್ನಿನ ಕಬ್ಬಿಣದ ಕಾಲಿಗೆ ಬಡಿದಿತ್ತು. ಕೈಕಾಲು ಸೆಟೆದು ಅದುರುತ್ತಿದ್ದವು.

ಎದುರಿನ ಕ್ಲಿನಿಕ್ಕಿನಿಂದ ನರ್ಸಮ್ಮ ಓಡಿ ಬಂದರು. ನನ್ನ ಕತ್ತರಿ, ಸ್ಟೂಲು ಎಲ್ಲ ದೂರ ತಳ್ಳಿದರು. ಮಗುವನ್ನು ಮೆಲ್ಲಗೆ ಒಂದು ಮಗ್ಗುಲಿಗೆ ತಿರುಗಿಸಿದರು. ಬಾಯಿಗೆ ನೀರು ಹಾಕಲು ಹೋದ ನನ್ನ ಕೈಯನ್ನು ಹಿಡಿದು ನಿಲ್ಲಿಸಿದರು. "ಬಾಯಿಗೆ ಏನೂ ಹಾಕ್ಬಾರ್ದು. ಹಿಡಿದು ಅದುಮ್ಲೂ ಬಾರ್ದು" ಅಂದು, ಎಷ್ಟು ಹೊತ್ತಾಯಿತೆಂದು ಗಡಿಯಾರ ನೋಡುತ್ತಾ ಕೂತರು. ಅದುರುವುದು ನಿಂತ ಮೇಲೆ ಆಸ್ಪತ್ರೆಗೆ ಕರೆದೊಯ್ದೆವು. ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಜೀವಮಾನವೆಲ್ಲಾ ಹೊಲಿದವನು ನಾನು, ಆ ನಾಲ್ಕು ಹೊಲಿಗೆ ನೋಡಲು ನನ್ನಿಂದಾಗಲಿಲ್ಲ.

ಇಷ್ಟಾದರೂ ಮೀಟರಣ್ಣ ಬಗ್ಗಲಿಲ್ಲ. "ವಿಡಿಯೊದಲ್ಲೇ ಹೇಳಿದ್ದ ಕಣೋ, ಶುರುವಿನಲ್ಲಿ ರೋಗ ಹೊರಗೆ ಬೀಳುತ್ತೆ, ಹೆದರಬೇಡಿ, ಹನಿ ಬಿಡಬೇಡಿ ಅಂತ."

ಎರಡು ದಿನ ಕಳೆದು ನರ್ಸಮ್ಮ ಅಂಗಡಿಗೇ ಬಂದರು. ಜೊತೆಗೆ, ವಿಡಿಯೊ ವಿಷಯ ಅವರಿಗೆ ಹೇಳಿದ್ದ ಅವನ ಹೆಂಡತಿ ಮತ್ತು ಹಣೆಗೆ ಪಟ್ಟಿ ಕಟ್ಟಿಕೊಂಡ ಮಗಳು.

"ಅಣ್ಣಾ, ನಿಜ ಹೇಳಿ. ಹೋಗದೆ ಉಳಿದ ಬಟ್ಟೇನ ಹೇಗೆ ಮಾರ್ತೀರಿ?"

ಎಷ್ಟೋ ದಿನದ ಮೇಲೆ ಮೀಟರಣ್ಣನ ಮುಖದಲ್ಲಿ ಸ್ವಲ್ಪ ನಗು ಬಂತು. ಕಸುಬಿನ ಮಾತಲ್ಲವೇ! "ಮೊದಲು ಬೇರೆ ಅಂಗಡಿ ಬಟ್ಟೆ ಬಗ್ಗೆ ಹೆದರಿಸ್ತೀವಿ, ಎರಡು ಒಗೆತಕ್ಕೆ ಬಣ್ಣ ಬಿಡುತ್ತೆ ಅಂತ. ಆಮೇಲೆ ಇದೇ ಕೊನೇ ಪೀಸು ಅಂತೀವಿ. ಎಲ್ಲಕ್ಕಿಂತ ಮುಖ್ಯ, ಗಿರಾಕೀನ ಬಾಗಿಲ ಹತ್ರ ಬಿಡ್ಬಾರ್ದು. ಟ್ಯೂಬ್‌ಲೈಟ್ ಕೆಳಗೆ ಎಲ್ಲಾ ಬಣ್ಣಾನೂ ಚಂದ. ಹೊರಗಿನ ಬೆಳಕಿಗೆ ಹಿಡಿದ್ರೆ ಕಲೆ, ಎಳೆ ಬಿಟ್ಟಿದ್ದು ಎಲ್ಲಾ ಕಾಣುತ್ತೆ."

"ಒಳ್ಳೇ ಬಟ್ಟೆ ಆದ್ರೆ?"

"ನಾನೇ ಹೇಳ್ತೀನಿ, ಬಾಗಿಲಿಗೆ ತಗೊಂಡ್ಹೋಗಿ ನೋಡ್ರೀ ಅಂತ."

"ಸರಿ. ಈಗ ಆ ವಿಡಿಯೊ ಹಾಕಿ. ಅಪ್ಪನಾಗಿ ನೋಡ್ಬೇಡಿ. ಅಂಗಡಿಯವನಾಗಿ ನೋಡಿ."

ನಾವೆಲ್ಲ ಬಗ್ಗಿ ನೋಡಿದೆವು. ಬಿಳಿ ಕೋಟಿನವನು ಮಾತ್ರೆಯ ಬಗ್ಗೆ ಶುರುಮಾಡಿದ. "ಹೆದರಿಸ್ತಿದಾನೆ" ಅಂದ ಮೀಟರಣ್ಣ, ಮೆತ್ತಗೆ. ಇವತ್ತೊಂದೇ ದಿನ, ನೂರು ಬಾಟಲಿ ಮಾತ್ರ ಅಂದ ಬಿಳಿ ಕೋಟಿನವನು.

"ಅಪ್ಪಾ, ಕೊನೇ ಪೀಸು" ಅಂದಳು ಮಗಳು.

ಕೊನೆಗೆ ವಿಡಿಯೊದವನು ಹೇಳಿದ: "ನಿಮ್ಮ ಡಾಕ್ಟರಿಗೆ ಇದನ್ನ ತಿಳಿಸಬೇಡಿ, ಅವರು ತಡೀತಾರೆ."

ಮೀಟರಣ್ಣ ಮೊಬೈಲನ್ನು ಗಲ್ಲಾ ಮೇಲೆ ಇಟ್ಟುಬಿಟ್ಟ. "ಬಾಗಿಲಿಗೆ ಬಿಡ್ತಿಲ್ಲ" ಅಂದ.

ಆದರೂ ಹಟಮಾರಿ. ಮತ್ತೆ ಕೇಳಿದ, "ಅಲ್ಲ ನರ್ಸಮ್ಮ, ಮಾತ್ರೆ ಮಾಡೋನಿಗೂ ಲಾಭ ಇಲ್ವಾ?"

"ಇದೆ. ಮಾರೋದು ತಪ್ಪಲ್ಲ, ನೀವೂ ಮಾರ್ತೀರಿ. ಆದ್ರೆ ಮಾತ್ರೆ ಜೊತೆ ಒಂದು ಚೀಟಿ ಬರುತ್ತೆ, ಯಾರಿಗೆ ಏನು ತೊಂದ್ರೆ ಆಗ್ಬಹುದು ಅಂತ ಬರೆದಿರುತ್ತೆ. ನಿದ್ದೆ ಬರುತ್ತೆ ಅಂತಾನೂ ಬರೆದಿದೆ. ಇನ್ನೊಬ್ಬ ಡಾಕ್ಟರನ್ನ ಕೇಳಿ ಅಂದ್ರೆ ನಾವು ತಡೆಯಲ್ಲ. ಮಗು ತೂಕಡಿಸ್ತಾಳೆ ಅಂತ ನಮಗೆ ಒಂದು ಮಾತು ಹೇಳಿದ್ರಾ?"

ಅವನು ತಲೆ ತಗ್ಗಿಸಿದ. "ಟೈಲರು ಕಳಿಸಿದ್ದ. ಅವನಿಗೇನು ಲಾಭ ಅಂದ್ಕೊಂಡೆ."

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. "ನನಗೇನೂ ಲಾಭ ಇರ್ಲಿಲ್ಲ ಕಣೋ. ಅದಕ್ಕೇ ನೀನು ನಂಬಿದ್ದು. ಕಳಿಸಿದೋನು ಯಾರು ಅಂತ ಮಾತ್ರ ನೀನು ನೋಡಿದೆ, ವಿಡಿಯೊ ಮಾಡಿದೋನು ಯಾರು ಅಂತ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ. ಅವನಿಗೆ ನಾವಿಬ್ರೂ ಪುಕ್ಕಟೆ ಕೆಲಸದವರಾದ್ವಿ."

ಮೀಟರಣ್ಣ ಮಗಳನ್ನು ಹತ್ತಿರ ಎಳೆದುಕೊಂಡು ಹಣೆಯ ಪಟ್ಟಿಯನ್ನು ಮುಟ್ಟಿದ. "ನನ್ನ ಅಂಗಡಿ ಆಟಾನೇ ಕಣೇ ಪುಟ್ಟೀ. ನನಗೇ ಗೊತ್ತಾಗ್ಲಿಲ್ಲ" ಅಂದ. ಅವನ ಹೆಂಡತಿ ಬಾಟಲಿಯನ್ನು ಚೀಲದಿಂದ ತೆಗೆದು ನರ್ಸಮ್ಮನ ಕೈಗೆ ಕೊಟ್ಟಳು.

ಅಂದೇ ನರ್ಸಮ್ಮ ಡಾಕ್ಟರನ್ನು ಕೇಳಿ ಮಾತ್ರೆ ಮತ್ತೆ ಶುರುಮಾಡಿಸಿದರು. ಮುಂದಿನ ವಾರ ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದರು. ಈಗ ಹುಡುಗಿ ತೂಕಡಿಸುವುದಿಲ್ಲ. ಆದರೆ ಹಣೆಯ ಗುರುತು ಹೋಗಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಾನು ಹೆಚ್ಚು ಓದಿದವನಲ್ಲ. ಇಷ್ಟು ಮಾತ್ರ ಬಲ್ಲೆ. ಮೊಬೈಲಿನಲ್ಲಿ ಏನೇ ಬರಲಿ, ನಂಬುವ ಮೊದಲು ಬಾಗಿಲ ಬೆಳಕಿಗೆ ತನ್ನಿ. ಇದನ್ನು ಮಾಡಿದವನು ಯಾರು, ನಾನು ನಂಬಿದರೆ ಅವನಿಗೇನು ಸಿಗುತ್ತದೆ ಅಂತ ಕೇಳಿಕೊಳ್ಳಿ. ಯಾಕೆ ಅವಸರ ಮಾಡುತ್ತಿದ್ದಾನೆ, ಯಾರನ್ನು ಕೇಳಬೇಡ ಅನ್ನುತ್ತಿದ್ದಾನೆ ಅಂತ ನೋಡಿ. ಯಾರನ್ನು ಕೇಳಬೇಡ ಅಂದನೋ ಅವರನ್ನೇ ಮೊದಲು ಕೇಳಿ. ಪ್ರೀತಿಯವರು ಕಳಿಸಿದರು ಅಂದ ಮಾತ್ರಕ್ಕೆ ಅದು ಪ್ರೀತಿಯಿಂದ ಹುಟ್ಟಿದ್ದಲ್ಲ.

ನಾನು ಆ ವಿಡಿಯೊ ಕಳಿಸಿದ್ದ ಉಳಿದ ಹತ್ತು ಮಂದಿಗೂ ಫೋನ್ ಮಾಡಿದೆ. ಒಂಬತ್ತು ಮಂದಿ ಸಿಕ್ಕರು. ಒಬ್ಬರು ಇನ್ನೂ ಸಿಕ್ಕಿಲ್ಲ. ಅವರ ಮನೆಯಲ್ಲೂ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ಮಗುವಿದೆ. ಇದನ್ನು ಓದುತ್ತಿರುವವರು ನೀವೇ ಆಗಿದ್ದರೆ, ಕೈಮುಗಿದು ಕೇಳುತ್ತೇನೆ, ಆ ಬಾಟಲಿಯನ್ನು ಬದಿಗಿಡಿ, ಮಗುವಿನ ಮಾತ್ರೆ ನಿಂತಿದ್ದರೆ ಈಗಲೇ ಡಾಕ್ಟರ ಹತ್ತಿರ ಹೋಗಿ. ಆಮೇಲೆ ನನ್ನ ಫೋನ್ ಎತ್ತಿ.