ಅವರೆ ಹೂವಿನ ಗಲ್ಲ

ನನ್ನವ್ವ ಬೊಮ್ಮಕ್ಕ ನನ್ನ ಗಲ್ಲ ಮುಟ್ಟಿದ್ದು ನನಗೆ ನೆನಪಿಲ್ಲ. ಅವರೆ ಹೂವಿನ ಗಲ್ಲವನ್ನು ಮಾತ್ರ ದಿನಾ ಹಿಂಡುತ್ತಿದ್ದಳು. ನಮ್ಮೂರು ಸೊಕ್ಕೆಯಲ್ಲಿ ಕೊಟ್ಟಿಗೆಯ ಮೇಲೆ ಹಬ್ಬಿದ್ದ ನೇರಳೆ ಹೂವಿನ ಬಳ್ಳಿ ಅದು. ಚಳಿಗಾಲದ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿದವಳೇ ಬಳ್ಳಿಯ ಹತ್ತಿರ ಹೋಗಿ ಒಂದೊಂದೇ ಹೂವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತುತ್ತಾ ನಿಲ್ಲುವಳು. ನಾನು ಬಾಚಣಿಗೆ ಹಿಡಿದು ಹೊಸ್ತಿಲಲ್ಲಿ ಕಾಯಬೇಕು. "ತಡಿಯೇ, ಬಂದೆ" ಅನ್ನುವಳು. ಎಲ್ಲಿ ಬರುತ್ತಾಳೆ! ಹೂವಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಮಗಳು ಜಗಳೂರು ಸೀಮೆಯಲ್ಲೇ ನಾನೊಬ್ಬಳಿರಬೇಕು.

ಅವ್ವ ಹೋಗಿ ಮೂರು ವರ್ಷ. ಸೊಕ್ಕೆಯ ಕೊಟ್ಟಿಗೆ ಬಿತ್ತು, ಬಳ್ಳಿಯೂ ಒಣಗಿತು. ಉಳಿದ ಒಂದು ಹಿಡಿ ಬೀಜವನ್ನು ಅಣ್ಣ ತಿಪ್ಪೇರುದ್ರಸ್ವಾಮಿ ನನಗೆ ಕೊಟ್ಟ. ಸಂತೇಬೆನ್ನೂರಿನ ನನ್ನ ಮನೆಯ ಹಿತ್ತಲಲ್ಲಿ ಅಷ್ಟನ್ನೂ ಹಾಕಿದೆ. ಇದು ಹೋದರೆ ಅವ್ವನ ಅವರೆ ಇನ್ನೆಲ್ಲೂ ಇಲ್ಲ.

ಈ ವರ್ಷ ಹೂವೋ ಹೂವು. ಕಾಯಿ ಮಾತ್ರ ಒಂದೂ ಇಲ್ಲ, ಅರಳಿದ್ದೆಲ್ಲ ಉದುರಿತು. ಸಿಟ್ಟು ನೆತ್ತಿಗೇರಿ ಅಣ್ಣನಿಗೆ ಫೋನು ಮಾಡಿದೆ.

"ಎಂಥ ಜೊಳ್ಳು ಬೀಜ ಕೊಟ್ಟಿದೀಯೋ?"

"ಜೊಳ್ಳಾಗಿದ್ರೆ ಹುಟ್ಟತಿತ್ತೇನೇ ಲಕ್ಷ್ಮೀ? ಅಲ್ಲಿ ದುಂಬಿ ಬರ್ತಾವೇನು?"

"ತಾರಸಿ ಮನೆ ಇದು. ಅವಕ್ಕೆ ಗೂಡು ಕೊರೆಯಾಕೆ ಒಂದು ಒಣ ಮರಾನೂ ಇಲ್ಲ."

"ಹಂಗಾದ್ರೆ ಅವ್ವನ ಹಂಗೆ ನೀನೇ ಹೂವು ಒತ್ತಬೇಕು."

"ಹೂವಿಗೆ ಮುದ್ದು ಮಾಡಾಕೆ ನನಗೆ ಪುರುಸೊತ್ತಿಲ್ಲ!"

ಅಣ್ಣ ನಕ್ಕುಬಿಟ್ಟ. "ಮುದ್ದಲ್ಲ ಕಣೇ ಅದು. ಅವರೆ ಹೂವು ಬಾಯಿ ಮುಚ್ಕಂಡಿರ್ತೈತೆ. ದಪ್ಪ ದುಂಬಿ ಕೂತ್ರೆ ಆ ಭಾರಕ್ಕೆ ಬಾಯಿ ಬಿಡ್ತೈತೆ, ಆಗ ಕಾಯಿ ಕಟ್ತೈತೆ. ನಮ್ಮ ಕೊಟ್ಟಿಗೆ ತೊಲೆ ತುಂಬ ದುಂಬಿ ತೂತು ಕೊರ್ದಿದ್ವು. ನಿನಗೆ ಆಗ ನಾಕು ವರ್ಷ. ಗುಂಯ್ ಅಂದ್ರೆ ಸಾಕು, ಉಸಿರು ಕಟ್ಟೋ ಹಂಗೆ ಅಳ್ತಿದ್ದಿ. ಅವ್ವ ತೂತಿಗೆಲ್ಲ ಮಣ್ಣು ಮೆತ್ತಿ ಅವನ್ನ ಓಡಿಸಿದ್ಲು. ಆ ವರ್ಷ ಕಾಯಿ ಬಿಡ್ಲಿಲ್ಲ. ಮುಂದಿನ ವರ್ಷದಿಂದ ದುಂಬಿ ಕೆಲಸಾನ ತಾನೇ ಮಾಡಿದ್ಲು."

ನಾನು ಫೋನು ಇಟ್ಟು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅಯ್ಯೋ ಅವ್ವಾ, ಒಂದು ಮಾತು ಹೇಳಬಾರದಿತ್ತೇ? ನಲವತ್ತೈದು ವರ್ಷ ಈ ಸಿಟ್ಟನ್ನು ಜೋಪಾನ ಮಾಡಿಕೊಂಡು ಬಂದೆನಲ್ಲ.

ಮರುದಿನ ಬೆಳಿಗ್ಗೆ ಬಳ್ಳಿಯ ಮುಂದೆ ನಿಂತೆ. ಹೂವನ್ನು ಸರಿಯಾಗಿ ನೋಡಿದ್ದು ಅವತ್ತೇ. ಮೇಲೆ ಒಂದು ಅಗಲ ದಳ ಬಾವುಟದಂತೆ ನಿಂತಿದೆ, ಪಕ್ಕಕ್ಕೆ ಎರಡು ರೆಕ್ಕೆ, ನಡುವೆ ಮಡಚಿದ ಪುಟ್ಟ ದೋಣಿ. ರೆಕ್ಕೆ ಒತ್ತಿದೆ. ದೋಣಿ ಬಗ್ಗಿತು, ಒಳಗಿನ ಎಳೆ ಹೊರಗೆ ಬಂದು ಬೆರಳಿಗೆ ಹಳದಿ ಪುಡಿ ಮೆತ್ತಿತು. ಆ ಬೆರಳಿಂದಲೇ ಇನ್ನೊಂದು ಹೂವು, ಮತ್ತೊಂದು. ಒಲೆಯ ಮೇಲಿನ ಹಾಲು ಉಕ್ಕಿಹೋಯಿತು.

ವಾರ ಕಳೆಯುವುದರಲ್ಲಿ ಹದಿನಾಲ್ಕು ಎಳೆ ಕಾಯಿ ಕಂಡವು. ಮತ್ತೆ ಅಣ್ಣನಿಗೆ ಫೋನು ಮಾಡಿದೆ.

"ಕೊಟ್ಟಿಗೆಯ ಆ ತೊಲೆ ಐತೇನು? ಸಂತೆಗೆ ಬರೋ ಗಾಡೀಲಿ ಇಲ್ಲಿಗೆ ಕಳ್ಸು."

"ದುಂಬಿ ಬಂದ್ರೆ ಹೆದರ್ಕಳಲ್ಲೇನು?"

"ಹೆದರ್ತೀನಿ. ಆದ್ರೂ ಕಳ್ಸು."

"ಅವ್ವ ಮೆತ್ತಿದ ಮಣ್ಣು ಇನ್ನೂ ತೂತಿನಾಗೇ ಐತೆ. ಕೆತ್ತಿ ತೆಗೀಲೇನು?"

"ಬ್ಯಾಡ," ಅಂದೆ. "ಅದನ್ನ ಮುಟ್ಟಬ್ಯಾಡ. ದುಂಬಿ ಬೇಕಾದ್ರೆ ಹೊಸ ತೂತು ಕೊರ್ಕಳ್ಳಲಿ."