ಎಂಟು ವರ್ಷದ ಅಳತೆ

ವಿಲೆಟ್ಟಾ ಶವಪೆಟ್ಟಿಗೆಯೊಳಗೆ ಕೈಹಾಕಿ ಒಂದು ಕಿವಿಯ ಮುತ್ತಿನ ಓಲೆ ಕಿತ್ತಾಗಿತ್ತು. ಇನ್ನೊಂದಕ್ಕೆ ಬಗ್ಗುವಷ್ಟರಲ್ಲಿ ಅರ್ನೆಸ್ಟೀನ್ ಬಂದು ಅವಳ ಮಣಿಕಟ್ಟು ಹಿಡಿದಳು.

“ಏನ್ ಮಾಡ್ತಿದ್ದೀಯ?”

“ಇವಳ ಕಿವಿತೂತು ಮುಚ್ಚಿಹೋಗಿ ನಲವತ್ತು ವರ್ಷ ಆಯ್ತು ಅಕ್ಕಾ. ಗೋಂದು ಹಾಕಿ ಅಂಟಿಸಿದ್ದಾರೆ.”

“ಅಕ್ಕ ಗಿಕ್ಕ ಅನ್ಬೇಡ. ನಾನು ಅವಳಿಗೆ ಅಕ್ಕ, ನಿನಗಲ್ಲ.”

ಡೆಟ್ರಾಯಿಟಿನಲ್ಲಿ ಇಪ್ಪತ್ತಾರು ವರ್ಷ ಸಿಟಿ ಬಸ್ಸು ಓಡಿಸಿದ ಅರ್ಜೆಲ್ಲಾ, ಗಂಡಸರ ಕ್ಷೌರದಂಗಡಿಯಲ್ಲೇ ತಲೆ ಕತ್ತರಿಸಿಕೊಳ್ಳುತ್ತಿದ್ದ ಅರ್ಜೆಲ್ಲಾ, ಅಲಬಾಮಾದ ತನ್ನ ಹುಟ್ಟೂರಿನ ಚರ್ಚಿನಲ್ಲಿ ಹಳದಿ ಫ್ರಾಕು, ಗುಂಗುರು ಕೂದಲ ವಿಗ್ಗು, ಗುಲಾಬಿ ಲಿಪ್‌ಸ್ಟಿಕ್ ಹಾಕಿಸಿಕೊಂಡು ಮಲಗಿದ್ದಳು. ಬಂದವರೆಲ್ಲ “ಎಷ್ಟು ಲಕ್ಷಣವಾಗಿ ಕಾಣ್ತಾಳೆ” ಎನ್ನುತ್ತಿದ್ದರು. ಸತ್ತವರನ್ನು ಲಕ್ಷಣವಾಗಿ ಕಾಣಿಸುವುದರಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವ ಪಿಕೆಟ್ ಅವರದು ಎತ್ತಿದ ಕೈ. ಬದುಕಿದ್ದಾಗ ಹೇಗಿದ್ದಳು ಎಂದು ಕೇಳುವ ಗೋಜಿಗೆ ಅವರು ಹೋಗಿರಲಿಲ್ಲ. ಸಹಿ ಹಾಕಿದವಳು ಒಡಹುಟ್ಟಿದ ಅಕ್ಕ, ಅವರಿಗೆ ಅಷ್ಟು ಸಾಕಾಗಿತ್ತು.

ವಿಲೆಟ್ಟಾ ಮೊಣಕೈಗೆ ತೂಗುಹಾಕಿದ್ದ ಚೀಲದಿಂದ ಒಂದು ಬೂದು ಬಣ್ಣದ ಸೂಟು ತೆಗೆದಳು.

“ಅವಳ ಸೂಟು ತೊಡಿಸೋದು ಬೇಡ ಅಂದ್ರಿ, ಆಯ್ತು. ಇದನ್ನಾದ್ರೂ ಕಾಲ ಹತ್ರ ಇಡೋಕೆ ಬಿಡಿ. ಕಾಲಿನ ಕಡೆಯ ಅರ್ಧ ಮುಚ್ಚಳ ಹೇಗೂ ಮುಚ್ಚಿರುತ್ತೆ. ಯಾರಿಗೂ ಕಾಣಲ್ಲ.”

“ಇದು ಮಕ್ಕಳದ್ದಲ್ವಾ?” ಎಂದು ಅರ್ನೆಸ್ಟೀನ್ ಅದನ್ನು ಕೈಗೆ ತೆಗೆದುಕೊಂಡಳು.

“ಎಂಟು ವರ್ಷದವರದ್ದು.”

ಅರ್ನೆಸ್ಟೀನಳ ಕೈ ಅಲ್ಲೇ ನಿಂತಿತು. ಪುಟ್ಟ ತೋಳುಗಳನ್ನು ಒಳಗೆ ಮಡಚಿ ಅದನ್ನು ಚೀಲಕ್ಕೇ ವಾಪಸು ತುರುಕಿದಳು.

“ಬೇಡ,” ಎಂದಳು.

*

೧೯೫೯ರ ಈಸ್ಟರ್. ಆ ದಿನ ಮಕ್ಕಳೆಲ್ಲ ಹೊಸ ಬಟ್ಟೆ ತೊಟ್ಟು, ಒಬ್ಬೊಬ್ಬರಾಗಿ ಚರ್ಚಿನ ಮುಂಭಾಗಕ್ಕೆ ಬಂದು ನಾಲ್ಕು ಸಾಲಿನ ಪದ್ಯ ಒಪ್ಪಿಸಬೇಕು. ಅಮ್ಮ ಬಿಳಿಯರ ಮನೆಯ ಬಟ್ಟೆ ಒಗೆದು ಎಂಟರ ಅರ್ಜೆಲ್ಲಾಳಿಗೆ ಹಳದಿ ಫ್ರಾಕು ತಂದಿದ್ದಳು. ಅಂಗಡಿಯಲ್ಲಿ ಕರಿಯರ ಮಕ್ಕಳು ಬಟ್ಟೆ ಹಾಕಿ ನೋಡುವಂತಿರಲಿಲ್ಲ. ಮಗಳ ಅಳತೆಯನ್ನು ದಾರದಲ್ಲಿ ಗಂಟುಹಾಕಿ ಒಯ್ದಿದ್ದಳು. ಒಲೆಯಲ್ಲಿ ಕಾಯಿಸಿದ ಬಾಚಣಿಗೆಯಿಂದ ಕೂದಲು ನೆಟ್ಟಗೆ ಮಾಡುವಾಗ ಕಿವಿ ಸುಟ್ಟರೂ ಹುಡುಗಿ ತುಟಿಪಿಟಕ್ಕೆನ್ನಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಹೂಟ ನಡೆದಿತ್ತು.

ಸೋದರಮಾವನ ಮಗನಿಗೆ ಪದ್ಯ ಬಾಯಿಗೆ ಬಂದಿರಲಿಲ್ಲ. ಚಡ್ಡಿಯಲ್ಲಿ ಕಕ್ಕಸಿನೊಳಗೆ ಅಡಗಿ ಕೂರಲು ಅವನು ಖುಷಿಯಿಂದಲೇ ಒಪ್ಪಿದ. ಅವನ ಬೂದು ಸೂಟು ತೊಟ್ಟ ಅರ್ಜೆಲ್ಲಾ ಜೇಬಿಗೆ ಕೈಯಿಳಿಸಿಕೊಂಡು ಮುಂದೆ ಬಂದು ನಾಲ್ಕೂ ಸಾಲುಗಳನ್ನು ಒಂದೂ ತಪ್ಪಿಲ್ಲದೆ ಹೇಳಿದಳು. ಅಷ್ಟು ಗಟ್ಟಿಯಾಗಿ ಅವಳು ಆಮೇಲೆಂದೂ ಮಾತಾಡಲಿಲ್ಲ.

“ಹೋಗು, ಕೋಲು ಮುರ್ಕೊಂಡು ಬಾ,” ಎಂದಳು ಅಮ್ಮ. ಹೊಡೆತ ತಿನ್ನುವವರೇ ಕೋಲು ತರಬೇಕು, ಅದು ಅಲ್ಲಿನ ರೂಢಿ. ಅರ್ಜೆಲ್ಲಾ ತಂದದ್ದು ಹುಲ್ಲುಕಡ್ಡಿಯಷ್ಟು ಸಣ್ಣದಾಯಿತು. ಅಮ್ಮ ಹದಿಮೂರರ ಅರ್ನೆಸ್ಟೀನಳನ್ನು ಕಳಿಸಿದಳು. ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡುವ ಹುಡುಗಿ ಅವಳು, ಗಟ್ಟಿಯಾದದ್ದನ್ನೇ ಆರಿಸಿ ತಂದಳು.

ಅಮ್ಮ ಹೊಡೆಯುತ್ತ ತಾನೂ ಅಳುತ್ತಿದ್ದಳು. “ನಮ್ಮನ್ನ ನೋಡಿ ನಗೋಕೆ ಬಿಳಿಯರಿಗೆ ಕಾರಣ ಕಮ್ಮಿಯಾಗಿತ್ತಾ? ಹೀಗಿದ್ರೆ ನಿನ್ನನ್ನ ಯಾರು ಜೀವಸಹಿತ ಬಿಡ್ತಾರೆ, ಹೇಳು!”

ಮತ್ತೆ ಹಳದಿ ಫ್ರಾಕು ತೊಡಿಸಿ ಮತ್ತೆ ಮುಂದೆ ನಿಲ್ಲಿಸಿದರು. ಬೆಂಚುಗಳಿಂದ “ಪರವಾಗಿಲ್ಲ ಕಂದ, ಬಂದಷ್ಟು ಹೇಳು” ಎಂದರು. ಹುಡುಗಿಯ ಬಾಯಿಂದ ಒಂದಕ್ಷರ ಹೊರಡಲಿಲ್ಲ.

*

ಎರಡು ವರ್ಷದ ಹಿಂದೆ, ಡಾಕ್ಟರು ಹೇಳಬೇಕಾದದ್ದನ್ನು ಹೇಳಿ ಒಂದು ವಾರವಾಗಿರಬೇಕು. ಅರ್ಜೆಲ್ಲಾ ಆ ಪುಟ್ಟ ಸೂಟು ಕೊಂಡುತಂದು ಮಲಗುವ ಕೋಣೆಯ ಬಾಗಿಲಿಗೆ ನೇತುಹಾಕಿದಳು.

“ಈ ವಯಸ್ಸಲ್ಲಿ ನಂಗೆ ಮಗು ತಂದ್ಕೊಟ್ಯಾ?” ಎಂದು ವಿಲೆಟ್ಟಾ ನಕ್ಕಳು.

“ಹೂಂ ಕಣೇ. ಪಾಪ, ಐವತ್ತು ವರ್ಷದಿಂದ ಹೊರಗೇ ನಿಂತಿತ್ತು.”

ನಗು ಅಲ್ಲಿಗೇ ನಿಂತಿತು. ದಿನಾ ಬೆಳಿಗ್ಗೆ ಕಾಫಿ ಹಿಡಿದು ಸೂಟಿನೆದುರು ಕೂರುವುದು ಅರ್ಜೆಲ್ಲಾಳಿಗೆ ಅಭ್ಯಾಸವಾಯಿತು. “ಬಾರೋ ಪುಟ್ಟ ಸಾಹೇಬ, ಕೂತ್ಕೋ. ಇಲ್ಲಿ ಯಾರೂ ಹೊಡೆಯಲ್ಲ.” ಒಮ್ಮೆ ಆ ಪದ್ಯ ಹೇಳಿಕೊಡಲು ಹೋದಳು. ಮೂರು ಸಾಲು ಬಂತು. ನಾಲ್ಕನೆಯದಕ್ಕಾಗಿ ತಿಂಗಳುಗಟ್ಟಲೆ ತಡಕಾಡಿದಳು, ಸಿಗಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ಸಲ ಪ್ರಜ್ಞೆ ಬಂದಾಗ ವಿಲೆಟ್ಟಾಳ ಬೆರಳು ಹಿಡಿದು, “ಅವನನ್ನ ಮತ್ತೆ ಹೊರಗೆ ನಿಲ್ಲಿಸ್ಬೇಡ. ನನ್ನ ಜೊತೆ ಕಳಿಸು,” ಎಂದಳು.

ವಿಲೆಟ್ಟಾ ಮಾತು ಕೊಟ್ಟಳು.

*

ಗಂಟೆ ಹನ್ನೊಂದಾಯಿತು. ಒಳಗೆ ಹೋಗಲು ಮನೆಯವರು ಚರ್ಚಿನ ಬಾಗಿಲಲ್ಲಿ ಇಬ್ಬಿಬ್ಬರಂತೆ ಸಾಲುಗಟ್ಟಿದರು. ಪಿಕೆಟ್ ಪಟ್ಟಿ ಹಿಡಿದು ಹೆಸರು ಕೂಗಿದರು. ವಿಲೆಟ್ಟಾಳ ಹೆಸರು ಅದರಲ್ಲಿರಲಿಲ್ಲ. ಅಚ್ಚುಹಾಕಿಸಿದ ಜೀವನಚರಿತ್ರೆಯ ಹಾಳೆಯಲ್ಲಿ ನೆರೆಹೊರೆಯವರ ಕೆಳಗೆ ‘ಆಪ್ತ ಗೆಳತಿ’ ಎಂದು ಒಂದು ಸಾಲಿತ್ತು.

“ಮೂವತ್ತೊಂದು ವರ್ಷ ಒಂದೇ ಮನೇಲಿದ್ರಂತೆ,” ಎಂದಳು ಹಿಂದಿನ ಬೆಂಚಿನವಳೊಬ್ಬಳು.

“ಬಾಡಿಗೆ ಉಳಿಯುತ್ತಲ್ಲ.”

“ಮಂಚವೂ ಒಂದೇ ಅಂತೆ. ಅದೂ ಉಳೀತು.”

“ಶ್! ಹೆಣದ ಮುಂದೆ ಏನ್ ಮಾತು!” ಎಂದು ಚರ್ಚಿನ ಸೇವೆಗೆ ನಿಂತಿದ್ದ ಬಿಳಿ ಕೈಗವಸಿನ ಹ್ಯಾಟಿ ಅಜ್ಜಿ ಗದರಿಸಿದಳು. ವಿಲೆಟ್ಟಾಳತ್ತ ತಿರುಗಿ, “ಬಾ ಮಗಾ, ಗೆಳತಿಯರು ಹೂ ಹೊರಬೇಕು,” ಎಂದು ಅವಳ ಎರಡೂ ಕೈ ತುಂಬುವಷ್ಟು ದೊಡ್ಡ ಹೂಚಕ್ರ ಹೊರಿಸಿದಳು.

ಸಾಲು ಹೊರಡುವ ಮುಂಚೆ ವಿಲೆಟ್ಟಾ ಹೂವಿನ ಸಮೇತ ಅರ್ನೆಸ್ಟೀನಳ ಎದುರು ನಿಂತಳು.

“ನಾನು ಮಾತು ಕೊಟ್ಟಿದ್ದೀನಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ನೀನೇನು, ಸಂಜೆ ಡೆಟ್ರಾಯಿಟಿಗೆ ಹೊರಟುಬಿಡ್ತೀಯ. ಅವಳು ಅಮ್ಮನ ಹತ್ರ ಹೋಗ್ತಾಳೆ,” ಎಂದಳು ಅರ್ನೆಸ್ಟೀನ್. “ಅಮ್ಮ ಬಾಗಿಲಲ್ಲೇ ಕಾಯ್ತಿರ್ತಾಳೆ. ಆ ಸೂಟು ಹಿಡ್ಕೊಂಡು ಹೋದ್ರೆ ಏನಾಗುತ್ತೆ, ನಿನಗೇನ್ ಗೊತ್ತು?”

“ಸ್ವರ್ಗದಲ್ಲೂ ಹೊಡೀತಾರಾ?”

“ನಮ್ಮಮ್ಮ ಹೊಡೀತಾಳೆ. ಆವತ್ತು ಕೋಲು ತಂದವಳು ನಾನು. ಇನ್ನೊಂದ್ಸಲ ಏಟು ತಿನ್ನೋಕೆ ಬಿಡಲ್ಲ ನಾನವಳನ್ನ. ಹಳದಿ ಬಟ್ಟೇಲಿ ಹೋಗ್ಲಿ. ಅಮ್ಮ ಒಳಗೆ ಕರ್ಕೊಳ್ತಾಳೆ.”

ದ್ವೇಷಕ್ಕಾದರೆ ವಿಲೆಟ್ಟಾ ದಾರಿಯುದ್ದಕ್ಕೂ ಉತ್ತರ ಜೋಡಿಸಿಕೊಂಡು ಬಂದಿದ್ದಳು. ಇದು ಪ್ರೀತಿಯಾಗಿತ್ತು. ಹೂ ಹೊತ್ತವರ ಜೊತೆ ಹೋಗಿ ಗೋಡೆಯ ಪಕ್ಕ ನಿಂತಳು.

ಹಾಡಾಯಿತು, ಪ್ರಾರ್ಥನೆಯಾಯಿತು. ಬೀಸಣಿಗೆಗಳು ನಿಂತವು. ಪಿಕೆಟ್ ತಲೆಕಡೆಯ ಮುಚ್ಚಳ ಹಾಕಲು ಕೈಚಾಚಿದರು.

“ಒಂದ್ನಿಮಿಷ,” ಎಂದು ಅರ್ನೆಸ್ಟೀನ್ ಎದ್ದಳು. “ಕಾಲಿನ ಕಡೆಯದೂ ತೆಗೀರಿ.”

ವಿಲೆಟ್ಟಾ ತಲೆಯೆತ್ತಿದಳು. ಅಕ್ಕನ ಮನಸ್ಸು ಕರಗಿರಬೇಕು. ಹೂಚಕ್ರ ಹೊತ್ತುಕೊಂಡೇ ಎರಡು ಹೆಜ್ಜೆ ಮುಂದೆ ಬಂದಳು. ಕೈಗಳೆರಡೂ ತುಂಬಿದ್ದವು. ತೆಗೆದುಕೊಳ್ಳಲಿ ಎಂದು ಚೀಲ ತೂಗುತ್ತಿದ್ದ ಮೊಣಕೈಯನ್ನು ಆದಷ್ಟು ಮುಂದೆ ಚಾಚಿದಳು.

ಅರ್ನೆಸ್ಟೀನ್ ಅತ್ತ ನೋಡಲಿಲ್ಲ. ಪೆಟ್ಟಿಗೆಯೊಳಗೆ ಬಗ್ಗಿ, ತಂಗಿಯ ಮಂಡಿಗಳನ್ನು ಒಂದಕ್ಕೊಂದು ತಾಗಿಸಿ ಕೂಡಿಸಿದಳು. ಮೇಲೆ ಸರಿದಿದ್ದ ಫ್ರಾಕನ್ನು ಮಂಡಿ ಮುಚ್ಚುವಂತೆ ಕೆಳಗೆಳೆದು, ನೆರಿಗೆಗಳನ್ನು ಅಂಗೈಯಿಂದ ಒತ್ತಿ ಒತ್ತಿ ಸರಿಮಾಡಿದಳು. ಆಮೇಲೆ ಪಿಕೆಟ್‌ಗೆ ತಲೆಯಾಡಿಸಿದಳು.